ನುಣ್ಣಪ್ಪನ ಕ್ಷೌರ
ದೂರದ ಬೆಟ್ಟ ಮಾತ್ರ ನುಣ್ಣಗೆ ಅನ್ನುವವರು, ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಹಿಂದಿನ ಗಲ್ಲಿಗೆ ಬಂದು ನುಣ್ಣಪ್ಪನನ್ನು ಹತ್ತಿರದಿಂದ ನೋಡಬೇಕು. ಕಾರ್ಖಾನೆಯ ವಿಷಮಣ್ಣು ತೆಗೆಯುವ ಕೆಲಸ ಗಲ್ಲಿಯವರಿಗೇ ಸಿಗುತ್ತದೆ ಎಂದು ನಾಲ್ಕು ವರ್ಷದ ಹಿಂದೆ ತರಬೇತಿ ಕೊಟ್ಟ ಮೇಷ್ಟ್ರು, "ಗಡ್ಡ ಇದ್ರೆ ಮಾಸ್ಕ್ ಮುಖಕ್ಕೆ ಕೂರಲ್ಲ, ವಿಷ ಒಳಗೆ ನುಗ್ಗತ್ತೆ" ಎಂದಿದ್ದರು. ಅಂದಿನಿಂದ ಅವನು ಒಂದು ದಿನವೂ ಕ್ಷೌರ ತಪ್ಪಿಸಿಲ್ಲ. ಜ್ವರದಲ್ಲೂ ಇಲ್ಲ, ಮಗಳ ಹೆರಿಗೆಯ ದಿನವೂ ಇಲ್ಲ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ!" ಎಂದು ಹೆಂಡತಿ ಗೊಣಗಿದರೆ, "ಕೆಲಸಕ್ಕೆ ಈಗ್ಲೇ ಕರೆದ್ರೆ ಏನೇ ಮಾಡ್ಲಿ?" ಎನ್ನುತ್ತಾನೆ. ಗಡ್ಡ ಬಿಟ್ಟ ಮದುಮಗನಿಗೂ ಬುದ್ಧಿ ಹೇಳದೆ ಬಿಟ್ಟವನಲ್ಲ. ಕೊನೆಗೆ ಕೆಲಸ ಶುರುವಾಯಿತು. ಗುತ್ತಿಗೆದಾರ ಗಲ್ಲಿಯವರನ್ನು ಬಿಟ್ಟು ಹೊರಗಿನಿಂದ ಲಾರಿ ತುಂಬ ಆಳುಗಳನ್ನು ತಂದ. ಮುಖದ ತುಂಬ ಗಡ್ಡ, ಮಾಸ್ಕು ಕೊರಳಲ್ಲಿ. "ಗಡ್ಡ ತೆಗೀರಪ್ಪೋ, ಸಾಯ್ತೀರ!" ಎಂದು ನುಣ್ಣಪ್ಪ ಬೇಲಿಯಾಚೆಯಿಂದ ಕೂಗಿಕೊಂಡ, ಅವರು ನಕ್ಕರು. ಮರುದಿನ ಬೆಳಿಗ್ಗೆಯೂ ಅವನು ಕನ್ನಡಿ ಮುಂದೆ ಕೂತು, ಗಲ್ಲಿಗಿರುವ ಒಂದೇ ಬೋರಿನ ನೀರನ್ನು ಕೆನ್ನೆಗೆ ಹಚ್ಚಿಕೊಂಡ. ಆ ನೀರಿಗೆ ವಿಷ ಇಳಿದಿದೆ, ಮೈಗೆ ಸೋಕಿಸಲೂಬಾರದು ಎಂದು ತರಬೇತಿಯ ಮೂರನೇ ದಿನ ಎಲ್ಲರಿಗಿಂತ ಮೊದಲು ಕೈಯೆತ್ತಿ ಹೇಳಿ, ಮೇಷ್ಟ್ರಿಂದ ಭೇಷ್ ಅನ್ನಿಸಿಕೊಂಡವನು ಅವನೇ.