ಮಷೀನ್ ಒಪ್ಪಂಗಿಲ್ರಿ

ಫೋರ್ಟ್ ಬಡಾವಣೆಯ ನಮ್ಮ ಆಫೀಸಿನಲ್ಲಿ ಕಂಪ್ಯೂಟರಿಗೆ ಹೋಗುವ ಮಾಹಿತಿಯನ್ನೆಲ್ಲ ತಪಾಸಣೆ ಮಾಡುತ್ತಿದ್ದವರು ಧಾರವಾಡದ ಸೂಪರ್‌ವೈಸರ್. ಕಿವಿಯ ಮೇಲಿನ ಪೆನ್ಸಿಲ್ ತೆಗೆದರೆಂದರೆ ತಪ್ಪು ಸಿಕ್ಕಿತೆಂದೇ ಅರ್ಥ. ಉಡುಪಿ ಹೋಟೆಲಿನಲ್ಲಿ ಚಟ್ನಿಯಿಲ್ಲದ ಇಡ್ಲಿ ಬಂದರೂ "ಮಷೀನ್ ಒಪ್ಪಂಗಿಲ್ರಿ" ಎಂದು ವಾಪಸ್ ಕಳಿಸುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ದಿನವೂ ಪೆನ್ಸಿಲ್ ಕೆಳಗಿಳಿಯಿತು. ಮೈಸೂರಿನವನಾದ ನನಗೆ ಸರ್‌ನೇಮ್ ಇರಲಿಲ್ಲ.

"ಆ ಜಾಗ ಖಾಲಿ ಬಿಟ್ರ ಮಷೀನ್ ಒಪ್ಪಂಗಿಲ್ರಿ."

"ನಮ್ಮ ಮನೇಲಿ ಯಾರಿಗೂ ಇಲ್ಲ ಸಾರ್."

ಸ್ವಲ್ಪ ಯೋಚಿಸಿ ತಮ್ಮದನ್ನೇ ತುಂಬಿದರು. ಮಷೀನ್ ಒಪ್ಪಿತು.

ಮುಂದೆ ಅವರ ತಂದೆ ತೀರಿಕೊಂಡಾಗ, ಸರ್‌ನೇಮ್ ನೋಡಿ ಆಫೀಸಿನವರು ನನಗೂ ಸೂತಕದ ರಜೆ ಕೊಟ್ಟರು. ಮಾತಾಡಿಸಿಕೊಂಡು ಬರೋಣವೆಂದು ಘಾಟ್ಕೋಪರಿನ ಅವರ ಮನೆಗೆ ಹೋದೆ. ತಲೆ ಬೋಳಿಸಿಕೊಂಡು ಕೂತಿದ್ದರೂ ಕಿವಿಯ ಮೇಲೆ ಪೆನ್ಸಿಲ್ ಇತ್ತು. ನನ್ನ ತಲೆಗೂದಲನ್ನೇ ನೋಡುತ್ತ, ಪೆನ್ಸಿಲನ್ನು ಮೆಲ್ಲಗೆ ತೆಗೆದರು.