ಹರಳೆಣ್ಣೆಯ ಕರಟಗಳು

ಹರಳೆಣ್ಣೆಯ ವಾಸನೆ ಬಡಿದರೆ ಈ ವಯಸ್ಸಿನಲ್ಲೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಹೋದ ವಾರ ತಿಪಟೂರಿನ ಔಷಧಿ ಅಂಗಡಿಯಲ್ಲಿ ಸಂಕೋಚಪಡುತ್ತಲೇ ಮಲಬದ್ಧತೆಗೆ ಏನಾದರೂ ಕೊಡಿ ಎಂದೆ. "ಇಸಬ್‌ಗೋಲ್ ತಗೊಳ್ರಮ್ಮ, ಗಿಡದ್ದೇ. ನೀರು ಕುಡ್ದು ಉಬ್ಕೊಂಡು ಎಲ್ಲಾ ಮೆತ್ತಗೆ ಮಾಡ್ತದೆ" ಎಂದ ಅಂಗಡಿಯವನು. ಪಕ್ಕದಲ್ಲಿ ಯಾರೋ ಹರಳೆಣ್ಣೆಯ ಬಾಟಲಿ ತೆರೆದು ಮೂಸುತ್ತಿದ್ದರು. ಅಷ್ಟೇ ಸಾಕಾಯಿತು. ನಾನು ಹಾಲ್ಕುರಿಕೆಯ ನಮ್ಮ ಹಳೇ ಮನೆಯ ಹಿತ್ತಲಲ್ಲಿ ನಿಂತಿದ್ದೆ.

ಆ ಮನೆ ಈಗಿಲ್ಲ. ಅಲ್ಲಿ ಮನೆಮಂದಿಯ ಹೊಟ್ಟೆಯೆಲ್ಲ ಅಜ್ಜಿಯ ಸುಪರ್ದಿನಲ್ಲಿತ್ತು. ಎಳೆಗೂಸಿಗೆ ತೇದ ಅಳಲೆಕಾಯಿ, ಸ್ವಲ್ಪ ಬಿಗಿದಿದ್ದರೆ ಕಕ್ಕೆಕಾಯಿಯ ತಿರುಳು, ಹಟಮಾರಿ ಹೊಟ್ಟೆಗೆ ಹರಳೆಣ್ಣೆ. ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತಾನೇ ಬಳಿದು ತೆಗೆಯುತ್ತಿದ್ದಳು. ಮೂರು ತಿಂಗಳಿಗೊಂದು ಭಾನುವಾರ ಬೆಳಗ್ಗೆ ಮಕ್ಕಳೆಲ್ಲ ಸಾಲಾಗಿ ಕೂರಬೇಕು. ಒಬ್ಬೊಬ್ಬರಿಗೂ ನುಣ್ಣಗೆ ಹೆರೆದ ಒಂದೊಂದು ತೆಂಗಿನ ಕರಟ, ಅದರೊಳಗೆ ವಯಸ್ಸಿಗೆ ತಕ್ಕಂತೆ ಒಂದು ಗೀರು. ಎಣ್ಣೆ ಆ ಗೀರನ್ನು ದಾಟುವಂತಿರಲಿಲ್ಲ. ಕುಡಿದ ಮೇಲೆ ಬೆಲ್ಲದ ಚೂರು, ಬಿಸಿ ಕಾಫಿ, ಮಧ್ಯಾಹ್ನ ಮೆಣಸಿನ ಸಾರು. ಆದರೆ ಎಣ್ಣೆಗೂ ಮೊದಲು ಅಜ್ಜಿ ಪ್ರತಿಯೊಬ್ಬರ ಹೊಟ್ಟೆ ಒತ್ತಿ ನೋಡುತ್ತಿದ್ದಳು. "ಮೆತ್ತಗಿದ್ರೆ ಮಾತ್ರ ಎಣ್ಣೆ ಕಣೇ. ನೋವೈತೆ, ಕಲ್ಲಾಗೈತೆ ಅಂದ್ರೆ ಕೊಡಬಾರ್ದು" ಎನ್ನುತ್ತಿದ್ದಳು.

ನನಗಾಗ ಒಂಬತ್ತು, ತಂಗಿ ಗೌರಿಗೆ ಆರು. ಅವಳನ್ನು ಬೆಳಗ್ಗೆ ಬಯಲಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದು. ನಾನೋ ಅವಳನ್ನು ಬೇಲಿ ಹತ್ತಿರ ಬಿಟ್ಟು ಹುಣಸೇಕಾಯಿ ಆರಿಸಲು ಓಡುತ್ತಿದ್ದೆ. ಅಂಥದೊಂದು ದಿನ ಗೌರಿ ಹೊಟ್ಟೆ ಹಿಡಿದುಕೊಂಡು ಎದ್ದಳು. ಅಂದೇ ಅಟ್ಟದ ಕಾಯಿ ಇಳಿಸಿ ಕೊಬ್ಬರಿ ಸುಲಿಯಲು ಆಳುಗಳು ಬಂದಿದ್ದರು. ಅಜ್ಜಿಗೆ ಪುರಸೊತ್ತಿಲ್ಲ. ಅಂಗಳದಿಂದಲೇ ಕೂಗಿದಳು, "ಅವ್ಳಿಗೆ ಹೊರಕಡೆ ಆಗಿತ್ತೇನೇ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಬೈಗುಳ. "ಇಲ್ಲ ಕಣಜ್ಜಿ, ಮೂರು ದಿನದಿಂದ ಆಗಿಲ್ಲ" ಎಂದುಬಿಟ್ಟೆ.

ನನ್ನ ಮಾತು ನಂಬಿ ಅಜ್ಜಿ ಅವತ್ತು ಹೊಟ್ಟೆ ಮುಟ್ಟಲಿಲ್ಲ. ಗೀರಿನ ಮೇಲೂ ಒಂದಿಷ್ಟು ಸುರಿದಳು. "ಅಕ್ಕಾ, ನೀನೂ ಕುಡಿಯೇ" ಎಂದಳು ಗೌರಿ. ನಾನು ಖಾಲಿ ಕರಟ ತುಟಿಗಿಟ್ಟು ನಟಿಸಿದೆ, ಅವಳು ಕಣ್ಣು ಮುಚ್ಚಿ ಕುಡಿದಳು. ಮಧ್ಯಾಹ್ನದ ಹೊತ್ತಿಗೆ ಅವಳ ಹೊಟ್ಟೆ ಹಲಗೆಯಾಗಿತ್ತು. ಅಪ್ಪ ಎತ್ತಿಕೊಂಡು ಬಸ್ಸು ಹತ್ತಿ ತಿಪಟೂರಿಗೆ ಹೋದರು. ಕರುಳಿನ ತುದಿ ಬಾತು ಒಡೆದಿದೆ, ಇಂಥ ನೋವಿಗೆ ಭೇದಿಗೆ ಕೊಡಲೇಬಾರದಿತ್ತು ಎಂದರಂತೆ ಡಾಕ್ಟರು. ಗೌರಿಯನ್ನು ತೋಟದ ಮೂಲೆಯಲ್ಲಿ ಮಣ್ಣು ಮಾಡಿದೆವು.

ಅಜ್ಜಿ ಕರಟಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದಳು. ಎಣ್ಣೆ ಹೀರಿದ ಕರಟಗಳು ಭುಗ್ಗೆಂದು ಉರಿದವು. ಆಮೇಲೆ ಯಾರು ಔಷಧಿ ಕೇಳಿ ಬಂದರೂ "ನಂಗೇನೂ ಗೊತ್ತಿಲ್ಲ ಹೋಗ್ರಪ್ಪ" ಎನ್ನುತ್ತಿದ್ದಳು. ಅಟ್ಟದಲ್ಲಿ ಕಾಯಿ ಒಣಗಿ, ಒಳಗೆ ಕೊಬ್ಬರಿ ಗುಡುಗುಡು ಆಡುವ ಕಾಲ ಬಂದರೆ ನನಗೆ ಗೌರಿಯೇ ಅಲ್ಲಿ ಓಡಾಡಿದಂತೆ ಕೇಳುತ್ತಿತ್ತು. ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ, ಬಾಯಿ ಮಾತ್ರ ಬಿಡಲಿಲ್ಲ.

ಅಜ್ಜಿ ಹಾಸಿಗೆ ಹಿಡಿದಾಗ ನನಗೆ ಮದುವೆಯಾಗಿತ್ತು. ನೋಡಲು ಹೋದೆ. ನನ್ನ ಕೈ ಹಿಡಿದು, ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿದಳು.

"ನಿಜ ಹೇಳೇ. ಅವತ್ತು ಗೌರಿಗೆ ಹೊರಕಡೆ ಆಗಿರ್ನಿಲ್ಲ ಅಂತ ನೀನು ಕಣ್ಣಾರೆ ಕಂಡಿದ್ಯಾ?"

ಅವಳ ಹೊರೆಯಲ್ಲಿ ಅರ್ಧವನ್ನಾದರೂ ಇಳಿಸಿಕೊಳ್ಳಲು ನನಗೆ ಅದೊಂದೇ ಅವಕಾಶವಿತ್ತು.

"ಹೂಂ ಕಣಜ್ಜಿ, ಕಂಡಿದ್ದೆ" ಎಂದೆ.

"ಹಂಗಾದ್ರೆ ನಂದೇ ತಪ್ಪು ಬುಡು" ಎಂದು ಅಜ್ಜಿ ಗೋಡೆಯ ಕಡೆ ಹೊರಳಿಕೊಂಡಳು. ಆ ಬೆನ್ನನ್ನು ನಾನು ಇನ್ನೂ ನೋಡುತ್ತಲೇ ಇದ್ದೇನೆ.