ಬಿಳಿ ಮೈಲುತುತ್ತ

ಅಡುಗೆಗೆ ಉಪ್ಪನ್ನೂ ಮೋಲ್ ಲೆಕ್ಕದಲ್ಲೇ ಹಾಕುತ್ತಾಳೆ ಎಂದು ಮನೆಯವರು ಅವಳನ್ನು ಗೇಲಿ ಮಾಡುತ್ತಿದ್ದರು. ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದ ಅವಳಿಗೆ ಮಕ್ಕಳು ಇಟ್ಟ ಹೆಸರು ತಕ್ಕಡಿ ಟೀಚರ್. ಅವಳಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ.

ತಮ್ಮನಿಗೆ ಓದು ತಲೆಗೆ ಹತ್ತಲಿಲ್ಲ. ಮನೆಯ ಹಿಂದೆ ತಗಡಿನ ಚಾವಣಿ ಹಾಕಿ, ಸಿಮೆಂಟಿನ ತೊಟ್ಟಿ ಕಟ್ಟಿ, ಬಣ್ಣದ ಮೀನು ಸಾಕಿದ. ಮರಿ ಮಾರಿದರೂ ತಾಯಿಮೀನುಗಳನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಮೀನಿನ ಮೈಮೇಲೆ ಹುಳು ಕಂಡಾಗ ತೊಟ್ಟಿಗೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟು, ಹಾಕಬೇಕು. ಅದು ತುಸು ಹೆಚ್ಚಾದರೆ ಔಷಧವೇ ವಿಷ. ಎಷ್ಟು ನೀರಿಗೆ ಎಷ್ಟು ನೀಲಿ ಹರಳು ಎಂಬುದನ್ನು ಅಕ್ಕನೇ ಲೆಕ್ಕ ಹಾಕಿ ಹೇಳಿಕೊಟ್ಟಿದ್ದಳು. ಅಕ್ಕ ಹೇಳಿದ್ದು ಅವನಿಗೆ ವೇದವಾಕ್ಯ.

ಆ ದಿನ ಅವಳು ಪರೀಕ್ಷೆಯ ಕೋಣೆಯಲ್ಲಿ ಕಾವಲಿದ್ದಳು. ಫೋನು ಅದುರಿತು. ಹೊರಗೆ ಬಂದು ಎತ್ತಿದಳು.

‘ಅಕ್ಕಾ, ಅಂಗಡೀಲಿ ನೀಲಿದು ಖಾಲಿಯಂತೆ. ಬಿಳಿ ಪುಡಿ ಕೊಟ್ಟಿದಾನೆ. ಇದೂ ಮೈಲುತುತ್ತಾನೇ ಅಂತಾನೆ. ಹಾಕ್ಲಾ?’

ಒಳಗೆ ಯಾರೋ ಹಾಳೆಗಾಗಿ ಕೂಗುತ್ತಿದ್ದರು.

‘ಹೂಂ ಕಣೋ, ಎರಡೂ ಒಂದೇ. ಯಾವಾಗ್ಲೂ ಹಾಕೋ ಅಷ್ಟೇ ಹಾಕು,’ ಎಂದು ಫೋನಿಟ್ಟಳು.

ಮರುದಿನ ಬೆಳಿಗ್ಗೆ ತಮ್ಮನ ಹೆಂಡತಿ ಅಳುತ್ತಾ ಫೋನು ಮಾಡಿದಳು. ಅಕ್ಕ ಹೋಗುವಷ್ಟರಲ್ಲಿ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ತಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು, ತಾಯಿಮೀನೊಂದನ್ನು ಬೊಗಸೆಯಲ್ಲಿ ಹಿಡಿದು ಹಿಂದೆ ಮುಂದೆ ಆಡಿಸುತ್ತಿದ್ದ. ಅದರ ಕಿವಿರು ಅಲುಗಲಿಲ್ಲ.

‘ಯಾವುದೋ ಹೊಸ ರೋಗ ಬಂತಕ್ಕಾ,’ ಎಂದ.

ತೊಟ್ಟಿಯ ಕಟ್ಟೆಯ ಮೇಲೆ ಪುಡಿಯ ಡಬ್ಬಿ ಇತ್ತು. ನೋಡುತ್ತಲೇ ಅವಳಿಗೆ ಲೆಕ್ಕ ಹೊಳೆಯಿತು. ನೀಲಿ ಹರಳು ಒಂದು ಮೋಲ್ ಎಂದರೆ ಸುಮಾರು ಇನ್ನೂರೈವತ್ತು ಗ್ರಾಂ. ಅದರಲ್ಲಿ ತೊಂಬತ್ತು ಗ್ರಾಂ ಬರೀ ನೀರು. ನೀರಿಲ್ಲದ ಈ ಬಿಳಿ ಪುಡಿ ನೂರ ಅರವತ್ತು ಗ್ರಾಂ ಇದ್ದರೆ ಸಾಕು, ಅಷ್ಟೇ ತಾಮ್ರ. ಎರಡನ್ನೂ ಒಂದೇ ತೂಕ ಹಾಕಿದರೆ ತಾಮ್ರ ಒಂದೂವರೆ ಪಟ್ಟು ದಾಟುತ್ತದೆ. ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುವ ಮೊದಲ ಲೆಕ್ಕ ಅದು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ರೋಗವೆಂದೇ ಅವನು ನಂಬಿದ್ದ. ಆದರೆ ನೀರು ಬದಲಿಸಿ, ಮತ್ತೆ ಮೀನು ತಂದು, ಮತ್ತೆ ಅದೇ ಪುಡಿ ಹಾಕಿದರೆ?

‘ರೋಗ ಅಲ್ಲ ಕಣೋ,’ ಎಂದಳು. ‘ನಾನು ತಪ್ಪು ಹೇಳಿದೆ. ಬಿಳಿದನ್ನ ಕಮ್ಮಿ ಹಾಕಬೇಕಿತ್ತು.’

ಅವನು ಬೈಯಲಿಲ್ಲ.

‘ನಿನಗೆ ಗೊತ್ತಿತ್ತಲ್ಲಕ್ಕಾ,’ ಎಂದಷ್ಟೇ ಹೇಳಿ, ಕೈಯಲ್ಲಿದ್ದ ಮೀನನ್ನು ಬಕೆಟ್ಟಿಗೆ ಹಾಕಿದ.

ಗೊತ್ತಿರಲಿಲ್ಲ ಎನ್ನುವಂತಿದ್ದರೆ ಎಷ್ಟೋ ವಾಸಿಯಿತ್ತು.

ಹೊಸ ಮೀನು ತರಿಸಿಕೊಡುತ್ತೇನೆ ಎಂದು ಅವಳು ಅಂಗಲಾಚಿದಳು. ಅವನು ಒಲ್ಲೆನೆಂದ. ತೊಟ್ಟಿಗಳಿಗೆ ಮಣ್ಣು ತುಂಬಿಸಿ, ಗೋದಾಮಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಅವಳು ಮನೆಗೆ ಹೋದರೆ ‘ಬಾ, ಕೂತ್ಕೋ’ ಎನ್ನುತ್ತಾನೆ, ಅದರಾಚೆ ಮಾತಿಲ್ಲ.

ಈ ವರ್ಷ ಅವನ ಮಗಳು ಅದೇ ಕಾಲೇಜಿಗೆ ಬಂದಳು. ಮೋಲ್ ಲೆಕ್ಕ ಅವಳಿಗೆ ಕಬ್ಬಿಣದ ಕಡಲೆ. ‘ಮನೆಗೆ ಬಾರೇ, ನಾನು ಹೇಳಿಕೊಡ್ತೀನಿ,’ ಎಂದಳು ಸೋದರತ್ತೆ.

ಹುಡುಗಿ ತಲೆ ತಗ್ಗಿಸಿದಳು. ‘ಅಪ್ಪ ಬೇರೆ ಕಡೆ ಟ್ಯೂಷನ್‌ಗೆ ಸೇರಿಸಿದಾರೆ, ಅತ್ತೆ.’